ಮಾವನ ರಾಕೆಟ್ಟಿನ ಟ್ರಾನ್ಸ್‌ಫರ್

ನನ್ನ ಸೋದರಮಾವನಿಗೆ ಪಾಣೆಮಂಗಳೂರಿನಲ್ಲಿ ಹೊಲಿಗೆ ಮೆಷಿನ್ ರಿಪೇರಿಯ ಒಂದು ಗೂಡಂಗಡಿ ಇತ್ತು. ಹಳೆಯ ಮೆಷಿನಿಗೆ ಕಪ್ಪು ಪೇಂಟ್ ಹೊಡೆದು, ಮೇಲೆ ಚಿನ್ನದ ಬಣ್ಣದ ಹೂಬಳ್ಳಿಯ ಟ್ರಾನ್ಸ್‌ಫರ್ ಅಂಟಿಸಿ ಹೊಸದರಂತೆ ಮಾಡುವುದು ಅವರ ಕಸುಬು. ಟ್ರಾನ್ಸ್‌ಫರ್ ಎಂದರೆ ತೆಳ್ಳಗಿನ ಅಚ್ಚಿನ ಚಿತ್ರ. ಕಾಗದವನ್ನು ನೀರಿನಲ್ಲಿ ನೆನೆಸಿ, ಚಿತ್ರವನ್ನು ಮೆಲ್ಲನೆ ಜಾರಿಸಿ ಕೂರಿಸಬೇಕು. ಕೈ ನಾಜೂಕು, ಅದನ್ನು ಒಪ್ಪುತ್ತೇನೆ. ಆದರೆ ಎಡಗಣ್ಣು ಮುಚ್ಚಿ, ತಲೆ ಓರೆ ಮಾಡಿ ಅಳತೆ ನೋಡುವ ಅಭ್ಯಾಸದಿಂದ ಅವರು ಕೂರಿಸಿದ ಬಳ್ಳಿಗಳೆಲ್ಲ ಬಲಕ್ಕೆ ಇಳಿಜಾರು. ಗಿರಾಕಿಗಳು ದೂರಿದರೆ, "ನೀವು ಹೊಲಿಯುದಾ, ಹೂ ನೋಡುದಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅತ್ತೆಯ ಮೆಷಿನಿನದೂ ಅದೇ ಗತಿ. ಬಂಟ್ವಾಳದ ಅವರ ಮನೆಯಲ್ಲಿ ಆ ಮೆಷಿನಿನ ಮೇಲೆಯೇ ನಾನು ಹೊಲಿಗೆ ಕಲಿತದ್ದು. ಅತ್ತೆ ಪ್ರತಿದಿನ ಬೆಳಿಗ್ಗೆ ಅದನ್ನು ಒರೆಸುವಾಗ ಆ ಬಳ್ಳಿಗೆ ಬೈಯುತ್ತಿದ್ದರು.

ಎಪ್ಪತ್ತರ ದಶಕದ ನಡುವಿನಲ್ಲಿ ಮಾವ ಬೊಂಬಾಯಿಗೆ ಹೋಗಿ, ಅಲ್ಲಿಂದ ಒಂದು ಹಡಗಿನ ಅಡುಗೆಮನೆ ಸೇರಿದರು. ಒಂದು ವರ್ಷದ ಮಾತು ಎಂದು ಹೋದವರು ಐದು ವರ್ಷ ಪತ್ತೆಯಿಲ್ಲ. ಬಂದದ್ದು ಎರಡೇ ಕಾಗದ. ಕೊನೆಗೊಂದು ದಿನ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಬಸ್ಸಿನಿಂದ ಇಳಿದರು. ಜೊತೆಗೊಂದು ಕಥೆಯನ್ನೂ ತಂದಿದ್ದರು. ಹೊಟ್ಟೆನೋವೆಂದು ಲಂಡನ್ನಿನ ಆಸ್ಪತ್ರೆಗೆ ಸೇರಿಸಿದರಂತೆ, ಹಡಗು ಅವರನ್ನು ಬಿಟ್ಟು ಹೋಯಿತಂತೆ, ಆಮೇಲೆ ಸಿನೆಮಾಕ್ಕೆ ರಾಕೆಟ್ ಮಾಡುವ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತಂತೆ.

"ಎಷ್ಟು ದೊಡ್ಡ ರಾಕೆಟ್?" ಎಂದು ಕೇಳಿದೆ.

"ಒಂದು ಹಲಸಿನಕಾಯಿಯಷ್ಟು," ಎಂದರು ಮಾವ.

ಇಷ್ಟು ಹೇಳಿ ಅವರು ತಮ್ಮ ಮರ್ಯಾದೆಯನ್ನು ತಾವೇ ತೆಗೆದುಕೊಂಡರು. ಪೇಟೆಯಲ್ಲಿ ಜನ ಅವರನ್ನು ನಿಲ್ಲಿಸಿ, ಹಲಸು ಹಣ್ಣಾಯಿತಾ ಎಂದು ವಿಚಾರಿಸತೊಡಗಿದರು. ಆಟದ ವಿಮಾನಗಳ ಪೆಟ್ಟಿಗೆಯಲ್ಲಿ ಬರುವ ಟ್ರಾನ್ಸ್‌ಫರುಗಳನ್ನೇ ಆ ರಾಕೆಟ್ಟಿಗೂ ಅಂಟಿಸುತ್ತಾರೆ, ಕ್ಯಾಮೆರಾ ಹತ್ತಿರ ಹಿಡಿದರೆ ಎಲ್ಲ ಭಾರಿ ದೊಡ್ಡದಾಗಿ ಕಾಣುತ್ತದೆ ಎಂದು ಅವರು ವಿವರಿಸಿದಷ್ಟೂ ಜನ ನಕ್ಕರು. ಸಾಕ್ಷಿಗೆಂದು ಡಬ್ಬಿಯಲ್ಲಿ ಅರ್ಧ ಖಾಲಿಯಾದ ಒಂದು ಟ್ರಾನ್ಸ್‌ಫರ್ ಹಾಳೆ ಇತ್ತು. ಅದರಲ್ಲೊಂದು ಕೆಂಪು ಪಟ್ಟಿ, ಪಟ್ಟಿಯ ಮೇಲೆ ಇಲ್ಲಿ ಕಾಲಿಡಬೇಡಿ ಎಂದು ಬಿಳಿ ಇಂಗ್ಲಿಷ್ ಅಕ್ಷರ. ಅಂಥ ನಾಲ್ಕು ಇರಬೇಕಾದಲ್ಲಿ ಒಂದೇ ಉಳಿದಿತ್ತು.

"ಬಾಕಿ ಮೂರು ರಾಕೆಟ್ಟಿನ ಹೊಟ್ಟೆಯಲ್ಲಿ ಉಂಟು," ಎಂದರು ಮಾವ.

"ಆಕಾಶದಲ್ಲಿ ಕಾಲಿಡ್ಲಿಕ್ಕೆ ಯಾರು ಬರ್ತಾರಂತೆ? ಕೇಳು ಇವರತ್ರ," ಎಂದು ಅತ್ತೆ ನನಗೆ ಹೇಳಿದರು. ಮಾವ ಅವರ ಎದುರಿಗೇ ಕುಳಿತಿದ್ದರು.

ಅತ್ತೆ ಮಾವನೊಂದಿಗೆ ಮಾತು ಬಿಟ್ಟಿದ್ದರು. ಊಟಕ್ಕೆ ಕರೆಯುವುದು ನನ್ನ ಮೂಲಕ, ನಾನಿಲ್ಲದಿದ್ದರೆ ಬೆಕ್ಕಿನ ಮೂಲಕ. ಆ ಐದು ವರ್ಷ ಮಾವ ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದರೆಂದು ಅವರಿಗೆ ಖಾತ್ರಿಯಾಗಿತ್ತು. ಪರವಾನಗಿಯಿಲ್ಲದೆ ಅಲ್ಲಿ ಉಳಿದವನು, ಕಾಗದ ಬರೆದರೆ ಪೊಲೀಸರು ವಿಳಾಸ ಹಿಡಿದು ಬರುತ್ತಾರೆಂದು ಹೆದರಿದೆ ಎಂಬ ಮಾವನ ಸಮಜಾಯಿಷಿ ಯಾರಿಗೂ ರುಚಿಸಲಿಲ್ಲ. ನನಗೂ ಕೆಟ್ಟ ಸಿಟ್ಟಿತ್ತು. ಅತ್ತೆ ಊರವರ ರವಕೆ ಹೊಲಿದು ಮನೆ ನಡೆಸಿದ್ದನ್ನು ಪಕ್ಕದಲ್ಲಿ ಕುಳಿತು ನೋಡಿದವಳು ನಾನು. ಬೆಳ್ತಂಗಡಿಯಿಂದ ಅತ್ತೆಯ ಅಣ್ಣ ಬಂದು, ಬರುವ ವಾರ ತವರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದರು. ಅತ್ತೆ ಟ್ರಂಕು ತುಂಬಿಸಿದರು. ರಾಕೆಟ್ ಸುಳ್ಳಾದರೆ ಸಂಸಾರ ಮುಗಿದಂತೆಯೇ.

ಆ ವಾರವೇ ಮೂಡಬಿದ್ರೆಯ ಥಿಯೇಟರಿಗೆ ರಾಕೆಟ್ಟುಗಳ ಒಂದು ಇಂಗ್ಲಿಷ್ ಸಿನೆಮಾ ಬಂತು. ಪೋಸ್ಟರಿನಲ್ಲಿ ತಮ್ಮ ರಾಕೆಟ್ಟನ್ನೇ ಕಂಡ ಮಾವ ಚಪ್ಪಲಿ ಹಾಕುವುದನ್ನೂ ಮರೆತು ನನ್ನನ್ನು ಬಸ್ಸು ಹತ್ತಿಸಿದರು. ಅತ್ತೆ ಬರಲಿಲ್ಲ. ಮಧ್ಯಾಹ್ನದ ಆಟ. ಊರೂರು ಸುತ್ತಿ ಬಂದ ರೀಲು, ತೆರೆಯ ತುಂಬ ಗೀರು. ರಾಕೆಟ್ಟಿನ ಹೊಟ್ಟೆ ನಮ್ಮ ತಲೆಯ ಮೇಲೆ ಹಾದುಹೋಗುವಂತೆ ಬಂದದ್ದೇ ಮಾವ ಎದ್ದು ನಿಂತರು.

"ಹೊಟ್ಟೆ ನೋಡು, ಹೊಟ್ಟೆ."

"ಮೊದಲು ನಿಮ್ಮ ತಲೆ ತೆಗೀರಿ ಮಾರಾಯ್ರೆ," ಎಂದರು ಹಿಂದಿನವರು.

ಏನೋ ಕೆಂಪಗೆ ಕಂಡಿತು, ಹೋಯಿತು. ಕುಂಕುಮ ಬಿದ್ದಿದೆ ಎಂದಿದ್ದರೂ ನಂಬುತ್ತಿದ್ದೆ. ಆಟ ಮುಗಿದ ಮೇಲೆ ನಾನು ನೇರ ಆಪರೇಟರರ ಕೋಣೆಗೆ ಹತ್ತಿದೆ. ನಾಚಿಕೆ ಬಿಟ್ಟು ಅತ್ತೆಯ ಟ್ರಂಕಿನವರೆಗೆ ಎಲ್ಲ ಕಥೆ ಹೇಳಿ, ಆ ಜಾಗದ ಒಂದು ತುಂಡು ಕೊಟ್ಟರೆ ನಿಮ್ಮ ಹೆಂಡತಿಗೆ ಎರಡು ರವಕೆ ಹೊಲಿದು ಕೊಡುತ್ತೇನೆ ಎಂದೆ. ಆಪರೇಟರರು ಗಲ್ಲ ಕೆರೆದುಕೊಂಡರು. ರೀಲು ಹರಿದರೆ ಹಾಳಾದ ತುಂಡು ಕತ್ತರಿಸಿ, ಉಳಿದದ್ದನ್ನು ಅಂಟಿಸಿ ಓಡಿಸುವುದು ಅವರಿಗೆ ದಿನನಿತ್ಯದ ಕೆಲಸ.

"ಆ ಜಾಗ ನಾಳೆ ಹೇಗೂ ಹರಿತದೆ. ಇವತ್ತೇ ಹರಿದಾಯ್ತು ಅಂತ ಇಟ್ಟುಕೊಳ್ಳುವ," ಎಂದು ಕತ್ತರಿ ತೆಗೆದರು. "ನಾಲ್ಕು ಚಿತ್ರ ಕಡಿಮೆಯಾದ್ರೆ ರಾಕೆಟ್ ಸ್ವಲ್ಪ ಬೇಗ ಮುಟ್ತದೆ, ಅಷ್ಟೇ ಅಲ್ವಾ?"

ಮರುದಿನ ಬೆಳಿಗ್ಗೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸ್ ಬೇಡಿ ತಂದೆ. ಫಿಲ್ಮಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಹೌದು, ಕೆಂಪು ಪಟ್ಟಿಗಳು. ಮೂರು. ಬಿಳಿ ಅಕ್ಷರಗಳನ್ನು ಡಬ್ಬಿಯ ಹಾಳೆಯ ಪಕ್ಕದಲ್ಲಿಟ್ಟು ಒಂದೊಂದಾಗಿ ತಾಳೆ ನೋಡಿದೆ. ಅದೇ ಬರಹ, ಅದೇ ಕೆಂಪು.

"ಉಂಟು ಅತ್ತೆ, ಮಾವ ಹೇಳಿದ್ದು ನಿಜ," ಎಂದೆ.

"ಅಂಥ ಹಾಳೆ ಅಲ್ಲಿಯ ಅಂಗಡಿಯಲ್ಲಿ ಬೇಕಾದಷ್ಟು ಸಿಗ್ತದೆ. ಅಂಟಿಸಿದ್ದು ಇವರೇ ಅಂತ ಎಂತ ಗ್ಯಾರಂಟಿ?"

ಮಾವ ಹಾಳೆಯನ್ನು ಮಡಚಿ ಡಬ್ಬಿಗೆ ಹಾಕತೊಡಗಿದರು. ಅದನ್ನು ನೋಡಿ, ಇಷ್ಟು ದಿನದ ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಅಯ್ಯೋ ಪಾಪ ಅನ್ನಿಸಿಬಿಟ್ಟಿತು.

"ಕೊಡು, ನೋಡ್ತೇನೆ," ಎಂದರು ಅತ್ತೆ.

ಅತ್ತೆಗೆ ಇಂಗ್ಲಿಷ್ ಓದಲು ಬಾರದು. ನಾನು ಅಕ್ಷರಕ್ಕೆ ಜೋತುಬಿದ್ದಿದ್ದೆ, ಅವರು ಅಕ್ಷರದ ಗೊಡವೆಗೆ ಹೋಗಲಿಲ್ಲ. ತುಂಬ ಹೊತ್ತು ನೋಡಿದರು. ಲೆನ್ಸ್ ತೆಗೆದು ಮೆಷಿನಿನ ಹತ್ತಿರ ಹೋಗಿ ಬಳ್ಳಿಯನ್ನು ನೋಡಿದರು. ಬಂದು ಮತ್ತೆ ಫಿಲ್ಮ್ ನೋಡಿದರು. ಆಮೇಲೆ ನನ್ನ ಕಡೆಗೂ ತಿರುಗಲಿಲ್ಲ, ಒಲೆಯ ಬಳಿ ಮಲಗಿದ್ದ ಬೆಕ್ಕಿನ ಕಡೆಗೂ ತಿರುಗಲಿಲ್ಲ.

"ಮೂರೂ ಬಲಕ್ಕೆ ಇಳಿದಿದೆ," ಎಂದು ಮಾವನ ಮುಖ ನೋಡಿಯೇ ಹೇಳಿದರು. "ಅಷ್ಟು ದೂರ ಹೋಗಿ, ಅಲ್ಲಿಯೂ ಓರೆಯೇ ಅಂಟಿಸಿದ್ದಾ ನೀವು?"

ನನ್ನ ಕೆಲಸವೂ ಬೆಕ್ಕಿನ ಕೆಲಸವೂ ಅಂದಿಗೆ ಹೋಯಿತು.