ಗುಂಡಿಯೊಳಗಿನ ಶಾಮಿಯಾನ

ಹೇರೋಹಳ್ಳಿಯ ಚಿಕ್ಕಹನುಮಯ್ಯನದು ನೀವು ಕೇಳಿರದ ಕಸುಬು. ಊರಿನ ಕಸ ಸುರಿಯುವ ಗುಂಡಿಗೆ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಅಂಚು ಕಾಯಿಸಿ ಬೆಸೆಯುವುದು. ಕಸದ ಕೊಳೆನೀರು ನೆಲಕ್ಕಿಳಿಯದಂತೆ ತಡೆಯುವುದು ಆ ಹಾಳೆಯೇ. ಹದಿನೆಂಟು ವರ್ಷದಿಂದ ಇದೇ ಕೆಲಸ. ಹಾಸಿದ ಹಾಳೆಯ ಮೇಲೆ ಬೂಟು ಹಾಕಿಕೊಂಡು ಬಂದ ಎಂಜಿನಿಯರನ್ನೂ ಗದರಿ ಕಳಿಸಿದ್ದಾನೆ.

ಕೆಂಗೇರಿಯಾಚೆಯ ಹಳೇ ಕಲ್ಲುಕ್ವಾರಿಯಲ್ಲಿ ಕಸದ ಗುಂಡಿ ಮಾಡಹೊರಟಾಗ, ಕೆಳಗಿನ ಹಳ್ಳಿಯವರು ರಸ್ತೆಗೆ ಅಡ್ಡ ಕೂತರು. ಅವರ ಊರಿಗೆಲ್ಲ ಇದ್ದದ್ದು ಒಂದೇ ಬೋರ್‌ವೆಲ್. ಪಾಲಿಕೆಯ ಸಾಹೇಬರ ಭಾಷಣಕ್ಕೆ ಜಗ್ಗದ ರಾಮಕ್ಕನೆಂಬ ಹೆಂಗಸು, ಒಂದು ಹನಿಯೂ ಇಳಿಯದಂತೆ ಬೆಸೆಯುತ್ತೇನೆಂದು ಚಿಕ್ಕಹನುಮಯ್ಯ ಮಾತು ಕೊಟ್ಟ ಮೇಲೆ ಎದ್ದು, ಉಳಿದವರನ್ನೂ ಎಬ್ಬಿಸಿದಳು.

ಐದು ತಿಂಗಳು ಬೆಸೆದ. ಪ್ರತಿ ಜೋಡಣೆಯೊಳಗೂ ಗಾಳಿ ತುಂಬಿ, ಸೋರುತ್ತದೆಯೇ ಎಂದು ನೋಡಿದ. ಹಾಳೆಯ ಮೇಲೆ ಮಣ್ಣು ಹರಡುವುದೊಂದೇ ಬಾಕಿ ಇತ್ತು.

ಅಷ್ಟರಲ್ಲಿ ಉದ್ಘಾಟನೆಯ ದಿನ ಬಂತು. ನಮ್ಮ ಜನಕ್ಕೆ ಕಸ ಸುರಿಯಲೂ ಪೂಜೆ ಬೇಕು, ಪೂಜೆಗೆ ನೆರಳು ಬೇಕು. ಗುತ್ತಿಗೆದಾರ ಚನ್ನವೀರೇಶ್ ಹಿಂದಿನ ರಾತ್ರಿ ಗುಂಡಿಯ ತಳದಲ್ಲೇ ಶಾಮಿಯಾನ ಹಾಕಿಸಿದ. ಗಾಳಿಗೆ ಹಾರೀತೆಂದು ಹದಿನಾರು ಕಬ್ಬಿಣದ ಗೂಟಗಳನ್ನು ಹಾಳೆಯ ಮೇಲೆಯೇ ಇಟ್ಟು ಸುತ್ತಿಗೆಯಲ್ಲಿ ಹೊಡೆಸಿದ. ಇಂಥ ಬುದ್ಧಿಗೇಡಿಗಳ ಕೈಯಲ್ಲಿ ಐದು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಬೆಳಿಗ್ಗೆ ಬಂದು ನೋಡಿದ ಚಿಕ್ಕಹನುಮಯ್ಯ ಗೂಟಗಳನ್ನು ಒಂದೊಂದಾಗಿ ಎಣಿಸಿದ. ತೇಪೆ ಹಾಕಲು ಎರಡು ದಿನ ಕೇಳಿದ. ಕಸದ ಲಾರಿಗಳು ಆಗಲೇ ಹೊರಟಿವೆ, ಮೇಲೆ ಮಣ್ಣೆಳೆದರೆ ಯಾರಿಗೆ ಕಾಣುತ್ತದೆ ಎಂದ ಚನ್ನವೀರೇಶ್.

"ಪೂಜೆ ಮಾಡಿದ್ ಜಾಗ ಕಣಯ್ಯ, ಏನೂ ಆಗಲ್ಲ."

ದೇವರೇ ಬಂದು ತೂತು ಮುಚ್ಚುತ್ತಾನೆಂದು ಆ ಮಹಾನುಭಾವನ ನಂಬಿಕೆ. ಸಾಲದ್ದಕ್ಕೆ ಒಳ್ಳೆಯ ಕೆಲಸಗಾರನೆಂದು ಚಿಕ್ಕಹನುಮಯ್ಯನಿಗೆ ಸನ್ಮಾನ ಬೇರೆ. ವೇದಿಕೆಗೆ ಕರೆದು, ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಎರಡು ಮಾತಾಡೆಂದು ಮೈಕ್ ಕೊಟ್ಟರು. ಎದುರಿಗೆ ರಾಮಕ್ಕ ಊರಿನ ಹೆಂಗಸರ ಜತೆ ಪ್ರಸಾದದ ದೊನ್ನೆ ಹಿಡಿದು ಕೂತಿದ್ದಳು. ಅವನು ಸಾಹೇಬರತ್ತ ತಿರುಗಲೇ ಇಲ್ಲ.

"ರಾಮಕ್ಕ, ಈ ಗೂಟದಿಂದ ಹಾಳೆ ಹದಿನಾರ್ ಕಡೆ ತೂತಾಗಿದೆ. ನಾನ್ ಕೊಟ್ಟ ಮಾತು ವಾಪಸ್ ತಗೋತೀನಿ. ಒಂದು ಲಾರಿನೂ ಒಳಗ್ ಬಿಡ್ಬೇಡಿ."

ಚನ್ನವೀರೇಶ್ ಓಡಿ ಬಂದು ಮೊದಲು ಶಾಲು ಎಳೆದುಕೊಂಡ, ಆಮೇಲೆ ಮೈಕು. ಅಷ್ಟರಲ್ಲಿ ರಾಮಕ್ಕ ದೊನ್ನೆಯನ್ನು ಕುರ್ಚಿಯ ಮೇಲಿಟ್ಟು ಎದ್ದಾಗಿತ್ತು. ಹೆಂಗಸರೆಲ್ಲ ಅವಳ ಹಿಂದೆಯೇ ಗುಂಡಿಯಿಂದ ಮೇಲೆ ಹತ್ತಿ, ಲಾರಿ ಬರುವ ದಾರಿಗೆ ನಡೆದರು.