ಕರೆಂಟು ಹೋದ ಮೇಲೆ ನಡೆದ ವಿಚಾರಣೆ

2003ರ ಬೇಸಿಗೆ. ನಾನು ಮದುವೆಯಾಗಿ ಪುಂಜಾಲಕಟ್ಟೆಗೆ ಬಂದ ಹೊಸತು. ಆಗ ಟಿವಿಯಲ್ಲಿ ಮಧ್ಯಾಹ್ನ ಒಂದು ಕೋರ್ಟಿನ ಧಾರಾವಾಹಿ ಬರುತ್ತಿತ್ತು. ಮದುವೆಯಾದ ಹೆಂಗಸರು ಬಾಯಿಮುಚ್ಚಿ ಅನುಭವಿಸುವ ಕಷ್ಟಗಳೇ ಅದರ ಕೇಸುಗಳು. ಅತ್ತು ಕರೆದು ವರ್ಷಗಟ್ಟಲೆ ಎಳೆಯುವ ಧಾರಾವಾಹಿಗಳ ಹಾಗಲ್ಲ ಅದು. ಬರೆದವರು ಯಾರೋ, ಹೆಂಗಸರ ಮನಸ್ಸು ಚೆನ್ನಾಗಿ ಬಲ್ಲವರು.

ನಮ್ಮ ಅತ್ತೆ ಬೀಡಿ ಕಟ್ಟುತ್ತಿದ್ದರು. ಆ ಹೊತ್ತಿಗೆ ನೆರೆಕರೆಯ ನಾಲ್ಕೈದು ಹೆಂಗಸರೂ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ, ಎಂದರೆ ಮೊರ, ಹಿಡಿದುಕೊಂಡು ನಮ್ಮ ಚಾವಡಿಗೆ ಬರುತ್ತಿದ್ದರು. ಕಣ್ಣು ಟಿವಿಯ ಮೇಲೆ, ಕೈ ಬೀಡಿಯ ಮೇಲೆ. ಅವರಲ್ಲಿ ಪಕ್ಕದ ಮನೆಯ ವಸಂತಿಯಕ್ಕನದ್ದು ಮಾತು ಕಡಿಮೆ. ಗಂಡ ಊರಿಗೆಲ್ಲ ಉಪಕಾರಿ. ವಸಂತಿ ಪುಣ್ಯ ಮಾಡಿದ್ದಾಳೆ ಎಂದು ಎಲ್ಲರೂ ಹೇಳುವುದಿತ್ತು.

ಒಂದು ದಿನ ಕಟಕಟೆಯಲ್ಲಿ ನಿಂತ ಹೆಂಗಸಿಗೆ ಲಾಯರು, "ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ?" ಎಂದು ಕೇಳಿದ. ಅವಳು ಇನ್ನೇನು ಬಾಯಿ ತೆರೆಯಬೇಕು, ಕರೆಂಟು ಹೋಯಿತು! ಎಲ್ಲರೂ ಕರೆಂಟಿನವರಿಗೆ ಹಿಡಿಶಾಪ ಹಾಕಿದರು. ನಮ್ಮ ಅತ್ತೆಗೆ ತಮಾಷೆ ಜಾಸ್ತಿ.

"ಉಳಿದದ್ದು ನಾವೇ ಮಾಡುವ. ನಾನು ಜಡ್ಜ್. ಟಿವಿಯ ಹಾಗೆ ಕನ್ನಡದಲ್ಲೇ ಮಾತಾಡಬೇಕು" ಎಂದರು.

ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದ ನಮಗೆ ಅದೇ ದೊಡ್ಡ ನಗೆಯಾಟ. ನಾನು ಲಾಯರಾದೆ. ಕಟಕಟೆಗೆ ಯಾರೂ ಒಪ್ಪದೆ ವಸಂತಿಯಕ್ಕನನ್ನು ದೂಡಿ ನಿಲ್ಲಿಸಿದೆವು. ನಾನು ಗತ್ತಿನಿಂದ ಅದೇ ಪ್ರಶ್ನೆ ಕೇಳಿದೆ.

"ಸ್ವಾಮೀ, ನನ್ನ ಗಂಡ ಹೊರಗೆ ಬಹಳ ಒಳ್ಳೆಯವರು" ಎಂದು ಅವರು ಶಾಲೆಯ ಪಾಠದ ಕನ್ನಡದಲ್ಲಿ ಶುರು ಮಾಡಿದರು. ನಾವು ಬಿದ್ದು ಬಿದ್ದು ನಕ್ಕೆವು. ಅವರು ನಗಲಿಲ್ಲ. ಬಾಗಿಲು ಹಾಕಿದ ಮೇಲೆ ಏನಾಗುತ್ತದೆ ಎಂದು ಹೇಳತೊಡಗಿದರು. ಮುಖಕ್ಕೆ ಹೊಡೆಯುವುದಿಲ್ಲ, ಜನ ನೋಡುತ್ತಾರೆ. ಕೈಗೆ ಹೊಡೆಯುವುದಿಲ್ಲ, ಬೀಡಿ ಕಟ್ಟಬೇಕಲ್ಲ. ಹೇಳುತ್ತಾ ಹೇಳುತ್ತಾ ಮಾತು ತುಳುವಿಗೆ ತಿರುಗಿತು. "ಏರೆಡ ಪಣೊಡು?" ಎಂದು ನನ್ನನ್ನೇ ಕೇಳಿದರು. ಯಾರಲ್ಲಿ ಹೇಳಬೇಕು, ಎಂದು. ಇದು ಧಾರಾವಾಹಿಯ ಕಥೆಯಲ್ಲ ಎಂದು ಆಗ ಗೊತ್ತಾಯಿತು.

ಅತ್ತೆ ತಡ್ಪೆ ಕೆಳಗಿಟ್ಟು, ಇನ್ನು ಆ ಮನೆಗೆ ಹೋಗುವುದೇ ಬೇಡ, ಇಲ್ಲೇ ಇರು ಎಂದರು. ಗಂಡ ಇಲ್ಲಿಗೆ ಬಂದರೆ ನನ್ನನ್ನು ಕೊಂದೇ ಹಾಕುತ್ತಾರೆ ಎಂದು ವಸಂತಿಯಕ್ಕ ಹೆದರಿ ಹೊರಡಲು ಎದ್ದರು. ಅತ್ತೆ ಕೈ ಹಿಡಿದು ಕೂರಿಸಿದರು.

ಸಂಜೆ ಆ ಮನುಷ್ಯ ಬಂದ. ಅಂಗಳದಲ್ಲಿ ನಿಂತು, ನಗುನಗುತ್ತಲೇ ಹೆಂಡತಿಯನ್ನು ಕಳಿಸಿ ಎಂದ. ಹೆಂಗಸರು ಒಬ್ಬರೂ ಮನೆಗೆ ಹೋಗಿರಲಿಲ್ಲ. ಅತ್ತೆ ಉತ್ತರ ಕೊಡಲು ಎದ್ದರೆ ವಸಂತಿಯಕ್ಕ ಅವರನ್ನು ತಡೆದು ತಾವೇ ಮೆಟ್ಟಿಲಿಗೆ ಬಂದರು.

"ನಾನು ಬರುವುದಿಲ್ಲ. ಯಾಕೆಂದು ಇವರಿಗೆಲ್ಲ ಹೇಳಿ ಆಗಿದೆ."

ಅವನ ನಗು ನಿಂತಿತು. ನಮ್ಮೆಲ್ಲರ ಮುಖ ನೋಡಿದ. ತಿರುಗಿ ಹೋದ. ಮರುದಿನ ಸುದ್ದಿ ತಿಳಿದು ಅವರ ಅಣ್ಣ ಬಂದು ವಸಂತಿಯಕ್ಕನನ್ನು ಶಿರ್ತಾಡಿಯ ತವರುಮನೆಗೆ ಕರೆದುಕೊಂಡು ಹೋದರು. ಮತ್ತೆ ಅವರು ಆ ಮನೆಗೆ ಕಾಲಿಡಲಿಲ್ಲ.

ಆ ಧಾರಾವಾಹಿಯ ಬಗ್ಗೆ ನನಗೆ ಇವತ್ತಿಗೂ ಗೌರವ ಉಂಟು. ಆದರೆ ಟಿವಿಯ ಹೆಂಗಸಿಗೆ ಮಾತು ಬರೆದುಕೊಡುವವರಿದ್ದರು. ವಸಂತಿಯಕ್ಕನಿಗೆ ಯಾರಿದ್ದರು? ಮೆಟ್ಟಿಲಲ್ಲಿ ನಿಂತ ಅವರನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.