ಮಲಪನಗುಡಿಗೆ ಹೋದ ಕಚಗುಳಿ

ಯಶವಂತನಗರದ ಹತ್ತಿರದ ಗಣಿಯೊಂದರಲ್ಲಿ ಕೊಟ್ರಯ್ಯ ಬಂಡೆ ಕೊರೆಯುವ ಡ್ರಿಲ್ ಹಿಡಿಯುತ್ತಿದ್ದ. ಮಲಪನಗುಡಿಯ ಮನೆಯಲ್ಲಿ ಹೆಂಡತಿ ಸೌಜನ್ಯ, ತಾಯಿ ಭರಮಮ್ಮ. ಅದಿರಿನ ಲಾರಿಗಳ ಹಿಂದೆಯೇ ಮೊಬೈಲೂ ಊರಿಗೆ ನುಗ್ಗಿದ ಕಾಲ. ಗಂಡ ಹೆಂಡತಿ ಒಂದೊಂದು ಸೆಟ್ ಕೊಂಡು, ಎರಡರ ದನಿಯನ್ನೂ ಅಡಗಿಸಿ ಬರೀ ವೈಬ್ರೇಟ್‌ನಲ್ಲಿ ಇಟ್ಟಿದ್ದರು. ಇವನು ಮಿಸ್ ಕಾಲ್ ಕೊಟ್ಟರೆ ರೊಟ್ಟಿ ತಟ್ಟುವವಳ ಸೊಂಟದಲ್ಲಿ ಗುರ್ರ್. ಅವಳು ಕೊಟ್ಟರೆ ಇವನ ಎದೆಜೇಬಿನಲ್ಲಿ. ಎತ್ತಬಾರದು, ಮಾತಾಡಬಾರದು, ಕಚಗುಳಿ ಮಾತ್ರ. ನಡುವಿಗೆ ನಡುಕ ಬಂದಾಗಲೆಲ್ಲ ಸೊಸೆ ಕಿಸಕ್ಕನೆ ನಗುವುದೇಕೆಂದು ಭರಮಮ್ಮನಿಗೆ ಗೊತ್ತಾಗುತ್ತಿರಲಿಲ್ಲ.

ಆ ಬೆಳಿಗ್ಗೆ, ತಂಗಿಯನ್ನು ಕೊಟ್ಟ ಮನೆಯಿಂದ ಬಂದಿದ್ದ ಬೀಗರ ಎದುರಿಗೇ ಕೊಟ್ರಯ್ಯ ಹೆಂಡತಿಯ ರೊಟ್ಟಿಯನ್ನು ಅದಿರಿನ ಹೆಂಟೆಗೆ ಹೋಲಿಸಿದ. ಬೀಗರು ನಕ್ಕರು. ಸೌಜನ್ಯ ನಗಲಿಲ್ಲ, ಬುತ್ತಿಯ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿ ಒಳಗೆ ಹೋದಳು.

ಗಣಿ ಮುಟ್ಟಿದ ಕೂಡಲೇ ಮಿಸ್ ಕಾಲ್ ಕೊಟ್ಟ. ಉತ್ತರವಿಲ್ಲ. ಮತ್ತೆ ಕೊಟ್ಟ. ಕರೆದರೆ ಕರಗುತ್ತಿದ್ದವಳು ಕಲ್ಲಾಗಿಬಿಟ್ಟಳೇ? ಡ್ರಿಲ್ ಚಾಲೂ ಮಾಡಿದರೆ ಎದೆಯೆಲ್ಲ ಗುರ್ರ್. ಅವಳೇ ಎಂದು ಮಷೀನು ನಿಲ್ಲಿಸಿ ನೋಡಿದರೆ ಫೋನು ತಣ್ಣಗೆ ಮಲಗಿತ್ತು.

“ಲೇ, ಅದು ನಿನ್ ಹೇಣ್ತಿ ಅಲ್ಲಲೇ, ಡ್ರಿಲ್ಲು,” ಎಂದ ಜೊತೆಗಾರ ಉಚ್ಚೆಂಗಪ್ಪ. “ಹಿಂಗ ನಿಲ್ಸ್ಕೋತ ಹೋದ್ರ ಗುಡ್ಡ ಹಂಗ ಉಳಿತೈತಿ.”

“ಗುಡ್ಡ ಉಳೀಲಿ ಬಿಡು. ನನ್ನ ಮನಿ ಉಳಿದ್ರ ಸಾಕು.”

ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಮತ್ತೆ ಮಿಸ್ ಕಾಲ್ ಕೊಟ್ಟ. ಕೊನೆಗೆ ತಾವೇ ಮಾಡಿಕೊಂಡ ಕಟ್ಟಳೆ ಮುರಿದು, ಎತ್ತುವ ತನಕ ಫೋನು ಬಿಡಲಿಲ್ಲ. ಎತ್ತಿದ ಸದ್ದಾದದ್ದೇ, “ತಪ್ಪಾತು ಮಾರಾಯ್ತಿ, ನಿನ್ನ ರೊಟ್ಟಿ ಹತ್ತಿ ಇದ್ದಂಗ ಅದಾವು,” ಎಂದುಬಿಟ್ಟ.

“ಕೊಟ್ರ್ಯಾ, ನೀನೇನ್ಲೇ?” ಭರಮಮ್ಮನ ದನಿ. “ಸೊಸಿ ಸಿಟ್ಟಿಲೆ ಇದನ್ನ ನನ್ನ ಹಾಸಿಗಿ ಮ್ಯಾಲೆ ಒಗದಿದ್ಲು. ಗುರ್ ಗುರ್ ಅಂತಿತ್ತು, ಮಣಕಾಲಿಗೆ ಇಟ್ಕೊಂಡೆ. ಭಾಳ ಹಿತ ಆಗೇತಿ. ಎಲ್ಲೋ ಗುಂಡಿ ಒತ್ತಿದೆ, ನಿಂತುಬಿಡ್ತು. ಇನ್ನೊಂದೀಟು ಹೊಡಿ ಮಗನ!”

“ಯವ್ವಾ, ಅಕೀ ಎಲ್ಲದಾಳ?”

“ಇಲ್ಲೇ ನಿಂತಾಳ. ಮಾತಾಡಂಗಿಲ್ಲಂತ.”

ಹಿಂದಿನಿಂದ ತಡೆದರೂ ತಡೆಯದ ನಗು. ಫೋನು ಕೈ ಬದಲಿಸಿತು.

“ನನ್ನ ಪಾಲಿಂದೆಲ್ಲಾ ಅತ್ತಿ ಮಣಕಾಲಿಗೆ ಹೋತ್ರಿ,” ಎಂದಳು ಸೌಜನ್ಯ. “ಫೋನಿನ್ಯಾಗ ತಪ್ಪಾತು ಅನ್ನೋದು ಬ್ಯಾಡ. ಬೀಗರು ಸಂಜಿಗೆ ಹೊಂಟಾರ. ಅವರ ಮುಂದ ನಗ್ಸೀರಿ, ಅವರ ಮುಂದನ ಬಂದು ಹೇಳ್ರಿ.”

ಪಾಳಿ ಮುಗಿದದ್ದೇ ಕಂಪನಿ ಬಸ್ಸಿಗೆ ಎಲ್ಲರಿಗಿಂತ ಮೊದಲು ಹತ್ತಿದ. ಸಂಡೂರಿನಾಚೆ ಅದಿರಿನ ಲಾರಿಗಳ ಸಾಲಿನ ಹಿಂದೆ ಬಸ್ಸು ನಿಂತಿತು. ಕೊಟ್ರಯ್ಯ ನಿಲ್ಲಲಿಲ್ಲ. ಇಳಿದು, ಕೆಂಪು ಧೂಳಿನಲ್ಲಿ ಸಂದು ಹುಡುಕಿ ನುಗ್ಗುತ್ತಿದ್ದ ಬೈಕಿಗೆ ಕೈ ಅಡ್ಡ ಹಿಡಿದ.

“ಎಲ್ಲಿಗ್ರಿ?”

“ಮಲಪನಗುಡಿ. ಜಲ್ದಿ ಬಿಡ್ರಿ ಅಣ್ಣ, ಬೀಗರು ಎದ್ದು ಹೊಂಟುಬಿಡ್ತಾರ!”